ಆಟಕ್ಕೆ ಕೂಲಿ

ವೈಟ್‌ಫೀಲ್ಡ್, ಮಾರತ್ತಹಳ್ಳಿ, ಎಲೆಕ್ಟ್ರಾನಿಕ್ ಸಿಟಿ ಕಡೆ ಸಂಜೆ ಏಳರ ಮೇಲೆ ಓಡಾಡುವವರು ನೋಡಿಯೇ ಇರುತ್ತೀರಿ. ಸುತ್ತ ಬಲೆ, ಮೇಲೆ ಕಣ್ಣು ಕುಕ್ಕುವ ದೀಪ, ಕೆಳಗೆ ಪ್ಲಾಸ್ಟಿಕ್ ಹುಲ್ಲು. ಟರ್ಫ್ ಅಂತ ಕರೆಯುತ್ತಾರೆ. ಆಫೀಸು ಮುಗಿಸಿ ಬಂದ ಹುಡುಗರು ಐದೈದು ಜನ ತಂಡ ಕಟ್ಟಿಕೊಂಡು ಫುಟ್‌ಬಾಲ್ ಆಡುತ್ತಾರೆ. ಗಂಟೆ ಲೆಕ್ಕದ ಬಾಡಿಗೆ. ಆಟ ಮುಗಿದ ಮೇಲೆ ಒಬ್ಬ ಫೋನು ತೆಗೆದು ತಲೆಗಿಷ್ಟು ಅಂತ ಭಾಗ ಹಾಕುತ್ತಾನೆ, ಉಳಿದವರು ಬೆವರು ಒರೆಸಿಕೊಳ್ಳುತ್ತ ಹಣ ಕಳಿಸುತ್ತಾರೆ. ಆಡುವವನೇ ದುಡ್ಡು ಕೊಡುವ ಏರ್ಪಾಡು. ಇದರಲ್ಲಿ ತಪ್ಪೇನಿಲ್ಲ, ಮೈಗೆ ಒಳ್ಳೆಯದೇ. ಆದರೆ ಇದೇ ಹಾದಿಯಲ್ಲಿ, ಹಳೇ ಮದ್ರಾಸು ರಸ್ತೆಯ ದೂರವಾಣಿನಗರದಲ್ಲಿ, ಇತ್ತ ವಿಮಾನಪುರದಲ್ಲಿ, ಫುಟ್‌ಬಾಲ್ ಆಡುತ್ತಾನೆ ಅನ್ನುವ ಒಂದೇ ಕಾರಣಕ್ಕೆ ಹುಡುಗನಿಗೆ ಕಾರ್ಖಾನೆಯವರು ಕರೆದು ಸಂಬಳ ಕೊಟ್ಟ ಕಾಲವೊಂದಿತ್ತು. ಅದಕ್ಕೂ ಮುಂಚೆ, ಸಂಬಳ ಅಂತ ಬಾಯಿಬಿಟ್ಟು ಹೇಳುವ ಹಾಗೇ ಇಲ್ಲದ ಕಾಲದಲ್ಲಿ, ಬೆಂಗಳೂರು ದಂಡಿನಿಂದ ಕಲ್ಕತ್ತಕ್ಕೆ ಹೋಗಿ ಹತ್ತು ವರ್ಷ ಆಡಿ ಬಂದವರೊಬ್ಬರಿದ್ದರು. ಇವತ್ತಿನ ಮಾತೆಲ್ಲ ಅವರ ಸುತ್ತಲೇ. ಹೆಸರು ಅಹಮದ್ ಖಾನ್.

ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲೇ. ಮನೆತನವೇ ಫುಟ್‌ಬಾಲ್ ಮನೆತನ. ತಂದೆ ಆಡುತ್ತಿದ್ದರು, ಅಣ್ಣತಮ್ಮಂದಿರೂ ಆಡಿದರು. ದಂಡು ಪ್ರದೇಶದಲ್ಲಿ ಆಗ ಬ್ರಿಟಿಷ್ ರೆಜಿಮೆಂಟುಗಳಿದ್ದವು. ಸೋಲ್ಜರುಗಳು ಬೂಟು ಹಾಕಿಕೊಂಡು ಆಡುತ್ತಿದ್ದ ಆಟವನ್ನು ಶಿವಾಜಿನಗರ, ಹಲಸೂರು, ಆಸ್ಟಿನ್ ಟೌನ್, ಗೌತಮಪುರದ ಹುಡುಗರು ಬರಿಗಾಲಲ್ಲಿ ಕಲಿತರು. ಕಲಿತದ್ದಷ್ಟೇ ಅಲ್ಲ, ಕಲಿಸಿದವರನ್ನೇ ಸೋಲಿಸಿದರು. ಮುಂಬಯಿಯಲ್ಲಿ ರೋವರ್ಸ್ ಕಪ್ ಅಂತ ದೊಡ್ಡ ಪಂದ್ಯಾವಳಿ ನಡೆಯುತ್ತಿತ್ತು. ವರ್ಷ ವರ್ಷವೂ ಗೋರಾ ಪಲ್ಟನ್ನುಗಳೇ ಅದನ್ನು ಹೊತ್ತೊಯ್ಯುತ್ತಿದ್ದವು. 1937ರಲ್ಲಿ ಆ ಕಪ್ಪನ್ನು ಮೊದಲ ಸಲ ಕಿತ್ತುಕೊಂಡ ಭಾರತೀಯ ತಂಡ ನಮ್ಮ ಬ್ಯಾಂಗಲೋರ್ ಮುಸ್ಲಿಮ್ಸ್. 1938ರಲ್ಲಿ ಮತ್ತೆ ಗೆದ್ದರು. ಅಹಮದ್ ಆಗ ಹತ್ತು ಹನ್ನೊಂದರ ಬಾಲಕ. ಬೀದಿಯಲ್ಲಿ ಆ ಕಪ್ಪಿನ ಸುದ್ದಿ ಕೇಳಿಕೊಂಡು ಬೆಳೆದು, ಅದೇ ಕ್ಲಬ್ಬಿನ ಮುಂಚೂಣಿಗೆ ಬಂದು ನಿಂತರು.

ಆಡುತ್ತಿದ್ದುದು ಎಡ ಒಳಬದಿಯಲ್ಲಿ, ಆಗಿನವರು ಲೆಫ್ಟ್ ಇನ್ ಅನ್ನುತ್ತಿದ್ದರು. ಆಳು ದೈತ್ಯನೇನಲ್ಲ. ಓಟದಲ್ಲಿ ಮಿಂಚು ಅಂತಲೂ ಯಾರೂ ಹೇಳಿಲ್ಲ. ಆದರೆ ಚೆಂಡು ಕಾಲಿಗೆ ಸಿಕ್ಕಿತೋ, ಎದುರಾಳಿಗೆ ಅದು ಎಡಕ್ಕೆ ಹೋಗುತ್ತದೋ ಬಲಕ್ಕೋ ತಿಳಿಯುತ್ತಿರಲಿಲ್ಲ. ಕಲ್ಕತ್ತದ ಜನ ಅವರಿಗೆ ಹಾವಾಡಿಗ ಅಂತ ಹೆಸರಿಟ್ಟರು. ಪುಂಗಿಯ ಮುಂದೆ ಹೆಡೆ ತೂಗುವ ಹಾವಿನ ಹಾಗೆ ಚೆಂಡನ್ನೂ ಎದುರಿನ ಡಿಫೆಂಡರನ್ನೂ ಒಟ್ಟಿಗೆ ಆಡಿಸುತ್ತಿದ್ದರಂತೆ.

1948ರಲ್ಲಿ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ತಂಡ ಲಂಡನ್ನಿಗೆ ಹೋಯಿತು. ಅಹಮದ್ ಖಾನ್ ಅದರಲ್ಲಿದ್ದರು. ಜುಲೈ 31ರಂದು ಇಲ್‌ಫರ್ಡಿನಲ್ಲಿ ಫ್ರಾನ್ಸ್ ಎದುರು ಪಂದ್ಯ. ನಮ್ಮವರಲ್ಲಿ ಬಹುಪಾಲು ಮಂದಿ ಬರಿಗಾಲು. ಸ್ವತಂತ್ರ ಭಾರತದ ಪರ ಒಲಿಂಪಿಕ್ಸಿನಲ್ಲಿ ಬಿದ್ದ ಮೊದಲ ಗೋಲು ಅವತ್ತಿನದು, ಹೊಡೆದವರು ಮೈಸೂರು ಸಂಸ್ಥಾನದ ಆಟಗಾರ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿ ಕೈಬಿಟ್ಟು, ಕೊನೇ ಗಳಿಗೆಯಲ್ಲಿ ಒಂದು ಗೋಲು ಬಿಟ್ಟುಕೊಟ್ಟು 1-2ರಿಂದ ಸೋತರು. ಸೋತರೂ ಇಂಗ್ಲೆಂಡಿನ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು ಎಂಬ ಮಾತು ನಮ್ಮಲ್ಲಿ ಆಗಾಗ ಬರುತ್ತದೆ. ನನಗೆ ಆ ಚಪ್ಪಾಳೆಗಿಂತ ಬೇರೊಂದು ವಿಷಯ ಕುತೂಹಲ. ಈ ಆಟಗಾರರು ಲಂಡನ್ನಿನಿಂದ ವಾಪಸು ಬಂದು ಹೊಟ್ಟೆಗೇನು ಮಾಡಿಕೊಂಡರು?

ಆಗ ಒಲಿಂಪಿಕ್ಸಿಗೆ ಹೋಗಬೇಕಾದರೆ ಆಟಗಾರ ಅಮೆಚೂರ್ ಆಗಿರಬೇಕಿತ್ತು. ಅಂದರೆ ಆಟದಿಂದ ಒಂದು ಕಾಸೂ ಸಂಪಾದಿಸಿರಬಾರದು. ಆಸ್ತಿಪಾಸ್ತಿ ಇದ್ದವರ ಮಕ್ಕಳಿಗೆ ಈ ನಿಯಮ ಗೌರವದ ಮಾತು. ದಂಡಿನ ಗಲ್ಲಿಯ ಹುಡುಗನಿಗೆ ಅದು ಉಪವಾಸದ ಮಾತು. ಕಲ್ಕತ್ತದ ಕ್ಲಬ್ಬುಗಳು ಇದಕ್ಕೊಂದು ನಡುದಾರಿ ಹುಡುಕಿಕೊಂಡಿದ್ದವು. ಕಾಗದದ ಮೇಲೆ ಎಲ್ಲರೂ ಅಮೆಚೂರ್. ಆದರೆ ಆಟಗಾರನಿಗೆ ಬಂದರು ಕಚೇರಿಯಲ್ಲೋ ರೈಲ್ವೆಯಲ್ಲೋ ಕಸ್ಟಮ್ಸಿನಲ್ಲೋ ಒಂದು ನೌಕರಿ, ಉಳಿಯಲು ಮೆಸ್, ಊಟ, ಮೇಲೊಂದು ಲಕೋಟೆ. ಲಕೋಟೆಯ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ. ವರ್ಷಕ್ಕೊಮ್ಮೆ ಆಟಗಾರರು ಕ್ಲಬ್ಬು ಬದಲಿಸುವ ತಿಂಗಳು ಬಂದರೆ, ಎದುರು ಪಾಳೆಯದವರು ಎತ್ತಿಕೊಂಡು ಹೋದಾರು ಅಂತ ತಮ್ಮ ಆಟಗಾರರನ್ನು ಗುಟ್ಟಾದ ಮನೆಗಳಲ್ಲಿ ಬಚ್ಚಿಡುತ್ತಿದ್ದರು. ಇಷ್ಟೆಲ್ಲ ಬಚ್ಚಿಡುವಷ್ಟು ಬೆಲೆ ಇತ್ತು ಅಂದಮೇಲೆ ಆಟ ಕಸುಬು ಅಲ್ಲದೆ ಮತ್ತೇನು?

ಈಸ್ಟ್ ಬೆಂಗಾಲ್ ಕ್ಲಬ್ಬಿನ ಕಾರ್ಯದರ್ಶಿ ಜೆ. ಸಿ. ಗುಹಾ ದಕ್ಷಿಣದ ಕಡೆ ಕಣ್ಣು ಹಾಯಿಸಿದ ಮನುಷ್ಯ. 1949ರಲ್ಲಿ ಅಹಮದ್ ಖಾನ್ ಅವರನ್ನು ಕರೆಸಿಕೊಂಡರು. ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ, ಅಹಮದ್ ಖಾನ್, ಈ ಐದು ಜನ ಮುಂಚೂಣಿಯಲ್ಲಿ ನಿಂತರು. ಐವರೂ ದಕ್ಷಿಣದವರು. ಅವರನ್ನು ಬಂಗಾಳಿಗಳು ಪಂಚಪಾಂಡವರು ಅಂದರು. ದೇಶ ಒಡೆದು ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದ ಲಕ್ಷಾಂತರ ನಿರಾಶ್ರಿತರು ಆಗ ಕಲ್ಕತ್ತದಲ್ಲಿದ್ದರು. ಈಸ್ಟ್ ಬೆಂಗಾಲ್ ಅವರ ಕ್ಲಬ್ಬು. ಊರು ಕಳೆದುಕೊಂಡವರು ವಾರಕ್ಕೊಮ್ಮೆ ಗೆಲ್ಲಲು ಮೈದಾನಕ್ಕೆ ಬರುತ್ತಿದ್ದರು, ಅವರಿಗಾಗಿ ಗೆದ್ದುಕೊಡುತ್ತಿದ್ದವರು ಬಂಗಾಳಿ ಮಾತೃಭಾಷೆಯೇ ಅಲ್ಲದ ಐವರು.

1948ರ ರೋವರ್ಸ್ ಕಪ್ ಬ್ಯಾಂಗಲೋರ್ ಮುಸ್ಲಿಮ್ಸ್ ಕೈಯಲ್ಲಿತ್ತು. 1949ರಲ್ಲಿ ಅದು ಈಸ್ಟ್ ಬೆಂಗಾಲ್ ಕೈಗೆ ಹೋಯಿತು. ಅದೇ ವರ್ಷ ಅವರು ಕಲ್ಕತ್ತ ಲೀಗನ್ನೂ ಐಎಫ್‌ಎ ಶೀಲ್ಡನ್ನೂ ಗೆದ್ದರು. ಶೀಲ್ಡನ್ನು 1950 ಮತ್ತು 1951ರಲ್ಲೂ ಬಿಟ್ಟುಕೊಡಲಿಲ್ಲ. 1951, 1952ರಲ್ಲಿ ದೆಹಲಿಯ ಡ್ಯುರಾಂಡ್ ಕಪ್. 1953ರಲ್ಲಿ ರುಮೇನಿಯಾಕ್ಕೂ ಸೋವಿಯತ್ ದೇಶಕ್ಕೂ ಪ್ರವಾಸ. 1954ರಲ್ಲಿ ಅಹಮದ್ ಖಾನ್ ನಾಯಕ. ಬೆಂಗಳೂರಿನವರು ಇದನ್ನೆಲ್ಲ ಪತ್ರಿಕೆಯ ಮೂಲೆಯಲ್ಲಿ ಓದಿ ಹೆಮ್ಮೆ ಪಟ್ಟುಕೊಂಡರು. ನಮ್ಮ ಕಪ್ಪು ಯಾಕೆ ರೈಲು ಹತ್ತಿ ಅತ್ತ ಹೋಯಿತು ಅಂತ ಕೇಳಿದವರು ಕಡಿಮೆ.

ದೇಶದ ಪರವಾಗಿ ಅವರ ದೊಡ್ಡ ದಿನ 1951ರ ಮಾರ್ಚಿನಲ್ಲಿ. ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟ. ಇರಾನನ್ನು 1-0ಯಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು, ಗೋಲು ಸಾಹು ಮೇವಾಲಾಲರದು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಚಳಿಗೆ ಮರಗಟ್ಟಿದ ಬರಿಗಾಲಲ್ಲಿ ಯುಗೋಸ್ಲಾವಿಯಾ ಎದುರು ಹತ್ತು ಗೋಲು ತಿಂದರು. ಆ ಪಂದ್ಯದಲ್ಲಿ ಭಾರತದ ಒಂದೇ ಒಂದು ಗೋಲು ಹೊಡೆದವರು ಅಹಮದ್ ಖಾನ್, ಅದೂ ಆಟ ಮುಗಿಯುವ ಹೊತ್ತಿಗೆ. ಒಂಬತ್ತೋ ಹತ್ತೋ ಗೋಲು ಹಿಂದೆ ಬಿದ್ದಿದ್ದಾಗ ಇನ್ನೊಂದು ಗೋಲಿಗೆ ಓಡುವವನು ಎಂಥ ಆಸಾಮಿ ಅಂತ ನಾನು ಯೋಚಿಸಿದ್ದಿದೆ. ಕಸುಬುದಾರನೇ ಇರಬೇಕು. ಹವ್ಯಾಸಿಯಾಗಿದ್ದರೆ ಆ ಹೊತ್ತಿಗೆ ಸೀಟಿ ಯಾವಾಗ ಊದುತ್ತಾರೆ ಅಂತ ರೆಫರಿಯ ಮುಖ ನೋಡುತ್ತಿದ್ದ.

ಇಲ್ಲೊಂದು ನಿಮಿಷ ಸಮುದ್ರ ದಾಟಿ ಹೋಗಿ ಬರೋಣ. ಅಮೆರಿಕದವರ ಫುಟ್‌ಬಾಲ್ ಬೇರೆ. ಮೊಟ್ಟೆಯಾಕಾರದ ಚೆಂಡು, ಹೆಚ್ಚಾಗಿ ಕೈಯಲ್ಲಿ ಹಿಡಿದೇ ಓಡುತ್ತಾರೆ, ಎದುರಿನವರು ಹಿಡಿದು ಕೆಡವುತ್ತಾರೆ. ಅಲ್ಲಿ ಕೂಡ ಮೊದಮೊದಲು ದುಡ್ಡು ತೆಗೆದುಕೊಂಡು ಆಡುವುದು ನಾಚಿಕೆಯ ವಿಷಯವೇ ಆಗಿತ್ತು. 1892ರ ನವೆಂಬರ್ 12ರಂದು ಪಿಟ್ಸ್‌ಬರ್ಗಿನಲ್ಲಿ ಎರಡು ಕ್ಲಬ್ಬುಗಳ ನಡುವೆ ಪಂದ್ಯ. ಅಲೆಗೆನಿ ಕ್ಲಬ್ಬಿನವರು ಯೇಲ್ ಕಾಲೇಜಿನಲ್ಲಿ ಹೆಸರು ಮಾಡಿದ್ದ ವಿಲಿಯಂ ಹೆಫಲ್ಫಿಂಗರ್ ಎಂಬ ಭಾರೀ ಆಳನ್ನು ಕರೆಸಿದರು. ಎದುರಾಳಿಯ ಕೈಯಿಂದ ಜಾರಿದ ಚೆಂಡನ್ನು ಎತ್ತಿಕೊಂಡು ಓಡಿ ಅವತ್ತಿನ ಅಂಕವನ್ನೆಲ್ಲ ಅವನೇ ಗಳಿಸಿಕೊಟ್ಟ. ಅವನಿಗೆ 500 ಡಾಲರ್ ನಗದು ಸಂದಿತ್ತು, ಪ್ರಯಾಣದ ಖರ್ಚು ಬೇರೆ. ಅದು ಲೋಕಕ್ಕೆ ಗೊತ್ತಾದದ್ದು ಹೇಗೆ ಗೊತ್ತೆ? ಹಲವು ದಶಕಗಳ ಮೇಲೆ ಆ ಕ್ಲಬ್ಬಿನ ಜಮಾಖರ್ಚಿನ ಒಂದು ಹಾಳೆ ಸಿಕ್ಕಿತು. ಅದರಲ್ಲಿ ಆಟವಾಡಿದ್ದಕ್ಕೆ ಅಂತ ಅವನ ಹೆಸರಿನ ಮುಂದೆ ಮೊತ್ತ ಬರೆದಿತ್ತು. ವೃತ್ತಿಪರ ಅಮೆರಿಕನ್ ಫುಟ್‌ಬಾಲಿನ ಹುಟ್ಟುದಿನ ಅಂತ ಇವತ್ತು ಎಣಿಸುವುದು ಆ ಗುಮಾಸ್ತ ಬರೆದ ಸಾಲನ್ನೇ ನಂಬಿಕೊಂಡು.

ಪೀಣ್ಯದ ಕೈಗಾರಿಕಾ ಪ್ರದೇಶದ ಕೇಳುಗರಿಗೆ ಇನ್ನೂ ಹತ್ತಿರವಾಗುವ ಕಥೆ ಓಹಾಯೋ ಪ್ರಾಂತದ್ದು. ಕೊಲಂಬಸ್ ಊರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಬಾಯ್ಲರ್ ಕೆಲಸ ಮಾಡುತ್ತಿದ್ದ ನೆಸರ್ ಮನೆಯ ಅಣ್ಣತಮ್ಮಂದಿರಿದ್ದರು. ಜರ್ಮನಿಯಿಂದ ಬಂದ ಕುಟುಂಬ. ಆರು ಜನ ಸೋದರರು ಪ್ಯಾನ್‌ಹ್ಯಾಂಡಲ್ಸ್ ಎಂಬ ತಂಡದಲ್ಲಿ ಆಡಿದರು. ಅದೇ ರೈಲ್ವೆಯ ಹಳೇ ನೌಕರ ಜೋ ಕಾರ್ ತಂಡದ ವ್ಯವಸ್ಥಾಪಕ. ಶನಿವಾರ ಶಿಫ್ಟು ಮುಗಿಸಿ, ಕೈ ತೊಳೆದುಕೊಂಡು, ರೈಲ್ವೆ ನೌಕರರಿಗೆ ಸಿಗುವ ಪುಕ್ಕಟೆ ಪಾಸಿನಲ್ಲಿ ರಾತ್ರಿ ರೈಲು ಹತ್ತಿ, ಭಾನುವಾರ ಪರಊರಿನಲ್ಲಿ ಆಡಿ, ಸೋಮವಾರ ಬೆಳಗ್ಗೆ ಮತ್ತೆ ಬಾಯ್ಲರಿನ ಮುಂದೆ ಹಾಜರು. ಊಟದ ಬಿಡುವಿನಲ್ಲಿ ಅಭ್ಯಾಸ. ಆ ಅಣ್ಣತಮ್ಮಂದಿರಲ್ಲಿ ಟೆಡ್ ನೆಸರ್ 1921ರಲ್ಲಿ ತನ್ನ ಮಗ ಚಾರ್ಲಿಯ ಜೊತೆ ಒಂದೇ ತಂಡದಲ್ಲಿ ಆಡಿದ. ಎನ್‌ಎಫ್‌ಎಲ್ ಎಂಬ ಲೀಗಿನ ಚರಿತ್ರೆಯಲ್ಲಿ ಅಪ್ಪ ಮಗ ಹಾಗೆ ಒಟ್ಟಿಗೆ ಆಡಿದ್ದು ಅದೊಂದೇ ಸಲ. 1920ರ ಅಕ್ಟೋಬರ್ 3ರಂದು ಪ್ಯಾನ್‌ಹ್ಯಾಂಡಲ್ಸಿನವರು ಡೇಟನ್ ಊರಿನ ಟ್ರಯಾಂಗಲ್ಸ್ ತಂಡದ ಎದುರು ಸೋತರು, 0-14. ಇವತ್ತು ಎನ್‌ಎಫ್‌ಎಲ್ ಅಂತ ಸಾವಿರಾರು ಕೋಟಿಯ ವ್ಯವಹಾರವಾಗಿರುವ ಲೀಗಿನ ಎರಡು ಸದಸ್ಯ ತಂಡಗಳ ನಡುವಿನ ಮೊದಲ ಪಂದ್ಯವೇ ಅದು. ಟ್ರಯಾಂಗಲ್ಸ್ ಅಂತ ಹೆಸರು ಬಂದದ್ದು ಡೇಟನ್ನಿನ ಮೂರು ಕಾರ್ಖಾನೆಗಳು ಸೇರಿ ತಂಡ ಕಟ್ಟಿದ್ದರಿಂದ. ಗ್ರೀನ್ ಬೇ ಊರಿನ ಪ್ಯಾಕರ್ಸ್ ತಂಡಕ್ಕೆ 1919ರಲ್ಲಿ ಅಂಗಿ ಕೊಡಿಸಿದ್ದು ಮಾಂಸ ಡಬ್ಬಿಗೆ ತುಂಬುವ ಕಂಪನಿ. ಷಿಕಾಗೋ ಬೇರ್ಸ್ ಹುಟ್ಟಿದ್ದು ಗಂಜಿಹಿಟ್ಟಿನ ಕಾರ್ಖಾನೆಯೊಂದರ ತಂಡವಾಗಿ. ಜೋ ಕಾರ್ ಮುಂದೆ 1921ರಿಂದ ಸಾಯುವ ತನಕ, ಅಂದರೆ 1939ರವರೆಗೆ, ಆ ಇಡೀ ಲೀಗಿನ ಅಧ್ಯಕ್ಷ.

ನಮ್ಮಲ್ಲೂ ಕಾರ್ಖಾನೆಗಳು ಬಂದವು. 1940ರ ಡಿಸೆಂಬರಿನಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, ಜಾಲಹಳ್ಳಿಯ ಎಚ್‌ಎಂಟಿ ಮತ್ತು ಬಿಇಎಲ್ 1950ರ ದಶಕದಲ್ಲಿ, 1964ರಲ್ಲಿ ಬಿಇಎಂಎಲ್. ಕಾಲೋನಿ ಕಟ್ಟುವಾಗ ಶಾಲೆ, ಆಸ್ಪತ್ರೆ, ಕ್ಯಾಂಟೀನು, ಆಟದ ಬಯಲು, ಎಲ್ಲ ಒಂದೇ ನಕ್ಷೆಯಲ್ಲಿ ಬಂದವು. ಬೆಂಗಳೂರಿನ ಲೀಗಿನಲ್ಲಿ ಎಚ್‌ಎಎಲ್, ಐಟಿಐ, ಬಿಇಎಂಎಲ್, ಎಲ್‌ಆರ್‌ಡಿಇ, ಸಿಐಎಲ್ ಅಂತ ಕೇಳಿಬರುತ್ತಿದ್ದ ಹೆಸರೆಲ್ಲ ಕಾರ್ಖಾನೆ, ಪ್ರಯೋಗಾಲಯ, ತಪಾಸಣಾ ಕಚೇರಿಗಳವೇ. ಕ್ರೀಡಾ ಕೋಟಾದಲ್ಲಿ ಹುಡುಗನನ್ನು ತೆಗೆದುಕೊಳ್ಳುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅವನು ಫಿಟ್ಟರೋ ಕ್ಲರ್ಕೋ ಆಗಿರುತ್ತಿದ್ದ. ಮಧ್ಯಾಹ್ನದ ಮೇಲೆ ಅಭ್ಯಾಸಕ್ಕೆ ಬಿಡುವು, ಪಂದ್ಯಾವಳಿ ಇದ್ದರೆ ವಿಶೇಷ ರಜೆ. ಕಾಲು ಮುರಿದುಕೊಂಡರೆ ಕಂಪನಿ ಆಸ್ಪತ್ರೆ. ಮೂವತ್ತೈದಕ್ಕೆ ಆಟ ಮುಗಿದರೂ ಐವತ್ತೆಂಟರ ತನಕ ಸಂಬಳ. ಕಲ್ಕತ್ತದ ಲಕೋಟೆಯಲ್ಲಿ ಇಲ್ಲದ ಒಂದು ವಸ್ತು ಇಲ್ಲಿತ್ತು: ಪಿಎಫ್.

ಇದು ಸುಳ್ಳಿನ ವ್ಯವಸ್ಥೆ, ಫುಟ್‌ಬಾಲಿಗನನ್ನು ಗುಮಾಸ್ತ ಅಂತ ತೋರಿಸುವುದು ಯಾವ ನ್ಯಾಯ, ಅಂತ ಕೆಲವರು ಕೇಳುತ್ತಾರೆ. ಪಕ್ಕದ ಮೇಜಿನಲ್ಲಿ ಎಂಟು ಗಂಟೆ ಕೂತು ಫೈಲು ನೋಡುವವನಿಗೆ ಹೊಟ್ಟೆಯುರಿ ಇದ್ದದ್ದೂ ಸಹಜವೇ. ಆದರೆ ನನ್ನ ಎಣಿಕೆಯಲ್ಲಿ ಆಟಗಾರನನ್ನು ಅತಿ ಮರ್ಯಾದೆಯಿಂದ ಬಾಳಿಸಿದ ಏರ್ಪಾಡು ಅದೇ. ಮೈಸೂರು, ಅಂದರೆ ಇಂದಿನ ಕರ್ನಾಟಕದ ತಂಡ, ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದದ್ದು 1946-47, 1952-53, 1967-68, 1968-69ರಲ್ಲಿ. ಕಡೆಯ ಎರಡು ಗೆಲುವು ಕಾರ್ಖಾನೆ ತಂಡಗಳ ಏರು ಕಾಲದವು. ಅದು ಕೇವಲ ಕಾಕತಾಳೀಯ ಅಂತ ನನಗನ್ನಿಸುವುದಿಲ್ಲ.

ಹಾಗಂತ ಕಲ್ಕತ್ತದ ಹಾದಿ ಮುಚ್ಚಲಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂದಾಗ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು, 1960ರ ರೋಮಿಗೂ ಹೋದರು. ಕಲ್ಕತ್ತದ ಮೋಹನ್ ಬಾಗಾನ್ ಕ್ಲಬ್ಬಿನಲ್ಲಿ ಆಡಿದವರು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಕೂಡ ಬೆಂಗಳೂರಿನವರೇ, ಅವರೂ ಮೋಹನ್ ಬಾಗಾನ್. 1980ರ ದಶಕದಲ್ಲಿ ಬಾಬು ಮಣಿ ಅದೇ ದಾರಿ ಹಿಡಿದು ಕಲ್ಕತ್ತದ ಮೂರೂ ದೊಡ್ಡ ಕ್ಲಬ್ಬುಗಳಲ್ಲಿ ಆಡಿದರು.

ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗಳು ಎದ್ದದ್ದು 1970ರ ದಶಕದಲ್ಲಿ. ಪೀಣ್ಯದಲ್ಲಿ ಹೆಚ್ಚಿನವು ಸಣ್ಣ ಘಟಕಗಳು. ನಾಲ್ಕು ಲೇತು, ಎರಡು ಡ್ರಿಲ್ಲಿಂಗ್ ಮಷೀನು ಇಟ್ಟುಕೊಂಡು ದೊಡ್ಡ ಕಂಪನಿಗೆ ಜಾಬ್ ವರ್ಕ್ ಮಾಡಿಕೊಡುವ ಮಾಲೀಕ ಸೆಂಟರ್ ಫಾರ್ವರ್ಡನನ್ನು ಎಲ್ಲಿಂದ ಸಾಕುತ್ತಾನೆ? ಅವನ ಹೆಲ್ಪರಿಗೇ ಪಿಎಫ್ ಕಟ್ಟಲು ಅವನು ಹೆಣಗಬೇಕು. ವೈಟ್‌ಫೀಲ್ಡಿನ ಟೆಕ್ ಪಾರ್ಕುಗಳಿಗೆ ದುಡ್ಡಿತ್ತು, ಆದರೆ ಅಲ್ಲಿ ಆಟ ಬಂದದ್ದು ಉದ್ಯೋಗಿಗಳ ಮನರಂಜನೆಯ ಲೆಕ್ಕದಲ್ಲಿ. ಆಟಗಾರನಿಗೆ ಉದ್ಯೋಗ ಕೊಡುವ ಪದ್ಧತಿ ಹಳೇ ಸರ್ಕಾರಿ ಕಾರ್ಖಾನೆಗಳ ಗೇಟಿನ ಹೊರಗೆ ಬರಲಿಲ್ಲ.

ಕಾರ್ಖಾನೆ ತಂಡಗಳ ಕಡೆಯ ದೊಡ್ಡ ಸಾಹಸ ಎಚ್‌ಎಎಲ್‌ನದು. ದೇಶದ ಮೇಲ್ದರ್ಜೆಯ ಐ-ಲೀಗಿಗೆ ಏರಿ 2010-11 ಮತ್ತು 2011-12, ಎರಡು ಋತು ಆಡಿದರು. ಕೋಟಿಗಟ್ಟಲೆ ಕೊಟ್ಟು ವಿದೇಶಿಯರನ್ನು ತರುವ ಕ್ಲಬ್ಬುಗಳ ಎದುರು ಹೆಚ್ಚಾಗಿ ಸ್ಥಳೀಯ ಹುಡುಗರನ್ನೇ ಇಳಿಸಿದರು. ಎರಡನೇ ಋತುವಿನ ಕೊನೆಗೆ ಕೆಳಗಿಳಿದರು. ಅಷ್ಟರಲ್ಲಿ ನಿಯಮಗಳೂ ಬದಲಾಗಿದ್ದವು. ಕ್ಲಬ್ಬು ಅಂದರೆ ಸ್ವಂತ ಕಂಪನಿ, ಲೈಸೆನ್ಸು, ಕಿರಿಯರ ತಂಡ, ಮಾರುಕಟ್ಟೆ ಇರಬೇಕು ಎಂದು ಏಷ್ಯಾದ ಫುಟ್‌ಬಾಲ್ ಒಕ್ಕೂಟ ಹೇಳಿತು. ಯುದ್ಧವಿಮಾನ ಮಾಡುವ ಕಾರ್ಖಾನೆ ಟೀ-ಷರ್ಟು ಮಾರುವುದೆಲ್ಲಿ? 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿ ಕಟ್ಟಿತು. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಸಂಬಳ ಈಗ ಬಹಿರಂಗ, ಕರಾರು ಪತ್ರ ಸಮೇತ. ಅಹಮದ್ ಖಾನ್ ಕಾಲದ ಲಕೋಟೆ ಬೇಕಿಲ್ಲ. ಬೇಕಿಲ್ಲದಿರುವುದು ಒಳ್ಳೆಯದೇ, ಆದರೆ ಕರಾರು ಎರಡೋ ಮೂರೋ ವರ್ಷದ್ದು. ಮೊಣಕಾಲು ಹೋದ ಹುಡುಗನಿಗೆ ಮರಳಿ ಹೋಗಲು ಮೇಜೊಂದು ಕಾದಿರುವುದಿಲ್ಲ.

ನಡುವೆ ಒಂದು ವಿಚಿತ್ರವೂ ಆಯಿತು. ಅಮೆರಿಕನ್ ಫುಟ್‌ಬಾಲೇ ಬೆಂಗಳೂರಿಗೆ ಬಂತು. 2012ರಲ್ಲಿ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಅಂತ ಎಂಟು ತಂಡಗಳ ಲೀಗು. ಕರ್ಟ್ ವಾರ್ನರ್, ಮೈಕ್ ಡಿಟ್ಕಾ ಅವರಂಥ ಅಲ್ಲಿನ ಘಟಾನುಘಟಿಗಳು ಬೆನ್ನಿಗೆ ನಿಂತಿದ್ದರು. ನಮ್ಮೂರ ತಂಡದ ಹೆಸರು ಬ್ಯಾಂಗಲೋರ್ ವಾರ್‌ಹಾಕ್ಸ್. ರಗ್ಬಿ, ಕಬಡ್ಡಿ, ಓಟದ ಹಿನ್ನೆಲೆಯ ಹುಡುಗರು ಹೆಲ್ಮೆಟ್ಟು, ಭುಜಕವಚ ತೊಟ್ಟು ಹೊಸ ಆಟದ ಮೊದಲ ವೃತ್ತಿಪರರಾದರು. ಲೀಗು ಉಳಿಯಲಿಲ್ಲ. ಅಮೆರಿಕದವರು ಟೆಲಿವಿಷನ್ನಿನಿಂದ ಶುರುಮಾಡಿದರು, ಅಂಗಿಯಿಂದ ಶುರುಮಾಡಿದರು. ತಮ್ಮ ಆಟ ಬಾಯ್ಲರ್ ಷೆಡ್ಡಿನಲ್ಲಿ ಹುಟ್ಟಿದ್ದು ಅವರಿಗೇ ಮರೆತುಹೋಗಿತ್ತೋ ಏನೋ.

ಅಹಮದ್ ಖಾನ್ 1959ರ ತನಕ ಈಸ್ಟ್ ಬೆಂಗಾಲಿಗೆ ಆಡಿದರು. ಕೊನೆಯುಸಿರೆಳೆದದ್ದು ಮಾತ್ರ ಇಲ್ಲೇ ಬೆಂಗಳೂರಿನಲ್ಲಿ, 2017ರ ಆಗಸ್ಟ್ 27ರಂದು, ತೊಂಬತ್ತರ ವಯಸ್ಸಿನಲ್ಲಿ. 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದದ್ದನ್ನು ನೋಡಲು ಅವರಿರಲಿಲ್ಲ. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ, ಹೋಗಿ ನೋಡಿ, ಚೆನ್ನಾಗಿದೆ. ಅದರ ಪಕ್ಕದಲ್ಲಿ ನಮ್ಮವರದೂ ಒಂದಿದ್ದರೆ ಪೆಲೆಗೇನೂ ಕಡಿಮೆಯಾಗುತ್ತಿರಲಿಲ್ಲ.

ಮುಗಿಸುವ ಮುಂಚೆ ದೂರವಾಣಿನಗರ, ವಿಮಾನಪುರ, ಜಾಲಹಳ್ಳಿ ಕಾಲೋನಿಗಳಲ್ಲಿ ಇರುವವರಿಗೆ, ಅಲ್ಲಿಂದ ನಿವೃತ್ತರಾಗಿ ಕೆ. ಆರ್. ಪುರಕ್ಕೋ ಹೊಸಕೋಟೆಗೋ ಹೋಗಿ ನೆಲೆಸಿದವರಿಗೆ ಒಂದು ಕೋರಿಕೆ. ನಿಮ್ಮಪ್ಪನೋ ಚಿಕ್ಕಪ್ಪನೋ ಕಾರ್ಖಾನೆ ತಂಡಕ್ಕೆ ಆಡಿದ್ದರೆ, ಅಟ್ಟದ ಮೇಲಿನ ಟ್ರಂಕಿನಲ್ಲಿ ತಂಡದ ಫೋಟೊ, ವಿಶೇಷ ರಜೆಯ ಚೀಟಿ, ಪಂದ್ಯಾವಳಿಯ ಭತ್ಯೆಯ ರಸೀತಿ ಇದ್ದೀತು. ಮನೆ ಬದಲಿಸುವಾಗ ಹಳೇ ಪೇಪರಿನವನಿಗೆ ಹಾಕಬೇಡಿ. ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ: ನಿಂತವರು ಎಡದಿಂದ ಬಲಕ್ಕೆ ಇಂಥಿಂಥವರು, ಕೂತವರು ಇಂಥವರು, ಯಾವ ವರ್ಷ, ಯಾವ ಕಪ್ಪು. ಸಾಧ್ಯವಾದರೆ ಯಾರು ಯಾವ ಷಾಪಿನಲ್ಲಿ ಕೆಲಸಕ್ಕಿದ್ದರು, ತಿಂಗಳಿಗೆ ಎಷ್ಟು ಬರುತ್ತಿತ್ತು ಅನ್ನುವುದನ್ನೂ ಕೇಳಿ ಬರೆದುಕೊಳ್ಳಿ. ಹೇಳುವವರು ಇನ್ನೂ ಇದ್ದಾರೆ.